ದುಪ್ಪಟಿ ವೀರನಿಗೆ ನಮ್ಮ ಕಾಕಾ ಕೇಳಿದ ಪ್ರಶ್ನೆ

ನಮ್ಮ ಮನೆಯವರಿಗೆ ಹಾರುವ ಮನುಷ್ಯರ ಹುಚ್ಚು. ಆಳಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಮೂಗಿನ ತುದಿಯಲ್ಲಿ ಕನ್ನಡಕ, ಕನ್ನಡಕಕ್ಕಿಂತ ಒಂದಿಷ್ಟು ಮೇಲೆ ಸದಾ ಸಿಟ್ಟು. ಮಕ್ಕಳು ಅವರನ್ನು ಕಂಡರೆ ಓಣಿ ಬದಲಿಸುತ್ತಾರೆ. ಆದರೆ ದಸರೆಯ ರಜೆ ಬಂತೆಂದರೆ ಈ ಮನುಷ್ಯ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ವಿಸಿಆರ್ ಬಾಡಿಗೆಗೆ ತಂದು, ಚೀಲ ತುಂಬ ಕ್ಯಾಸೆಟ್ಟು ಸುರುವಿಕೊಂಡು, ಲುಂಗಿ ಮೇಲೆ ಕಟ್ಟಿ, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತುಬಿಡುತ್ತಾರೆ. ಎಲ್ಲವೂ ಒಂದೇ ಜಾತಿಯ ಸಿನಿಮಾ. ಪರದೇಶದವು, ಹಿಂದಿಯಲ್ಲಿ ಮಾತಾಡುವಂಥವು. ಒಬ್ಬ ಹಾರುತ್ತಾನೆ, ಇನ್ನೊಬ್ಬ ಗೋಡೆ ಒಡೆಯುತ್ತಾನೆ, ಮತ್ತೊಬ್ಬ ಹಾರಿಕೊಂಡು ಹೋಗಿ ಗೋಡೆ ಒಡೆಯುತ್ತಾನೆ.

ನಾನು ಪಕ್ಕದಲ್ಲಿ ಮೊರದ ತುಂಬ ತೊಗರಿ ಬೇಳೆ ಇಟ್ಟುಕೊಂಡು ಕೂರುತ್ತೇನೆ. ಬೇಳೆ ಆರಿಸುವುದು ನೆಪ. ನಿಜ ಹೇಳಬೇಕೆಂದರೆ ನನಗೂ ಬೆರಗಾಗುವ ಆಸೆ. ಬಾಯಿ ತೆರೆದುಕೊಂಡು, ಕೈಯಲ್ಲಿದ್ದ ಹರಳು ಮತ್ತೆ ಬೇಳೆಗೇ ಬಿದ್ದುಹೋಗುವ ಹಾಗೆ ಒಮ್ಮೆ ಬೆರಗಾಗಬೇಕು ಅಂತ ಪ್ರತಿ ರಜೆಯಲ್ಲೂ ಕೂರುತ್ತೇನೆ. ಪ್ರತಿ ರಜೆಯಲ್ಲೂ ಬೇಳೆ ಮಾತ್ರ ಸ್ವಚ್ಛವಾಗುತ್ತದೆ.

ಯಾಕೆಂದರೆ ಆ ಸಿನಿಮಾಗಳಿಗೆ ಒಂದು ಅಡುಗೆಯ ಲೆಕ್ಕವಿದೆ, ಅದು ನನಗೀಗ ಬಾಯಿಪಾಠ. ಮೊದಲು ಒಬ್ಬ ಬಡಪಾಯಿ ಬೇಕು. ಅವನ ಅಪ್ಪ ಅಮ್ಮ ಸಿನಿಮಾ ಶುರುವಾಗುವ ಹೊತ್ತಿಗೇ ಸಾಯಬೇಕು. ಆಮೇಲೆ ಎಲ್ಲಿಂದಲೋ ಒಂದು ಬೆಳಕು ಅವನ ಮೈಮೇಲೆ ಬೀಳಬೇಕು. ಬಿದ್ದದ್ದೇ ಅವನಿಗೆ ರಟ್ಟೆ ಬರಬೇಕು, ಬುದ್ಧಿ ಹೋಗಬೇಕು, ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಂಡು ತಿರುಗಬೇಕು. ಒಂದು ಹುಡುಗಿ ಎತ್ತರದ ಕಟ್ಟಡದಿಂದ ಬೀಳಬೇಕು, ಇವನು ನೆಲ ಒಂದು ಗೇಣು ಇರುವಾಗ ಹಿಡಿಯಬೇಕು. ಅದಕ್ಕಿಂತ ಮೊದಲು ಹಿಡಿಯಬಾರದು. ಕೊನೆಗೆ ವೈರಿಯೂ ಇವನೂ ಇಡೀ ಊರನ್ನು ಪುಡಿ ಮಾಡಬೇಕು. ಸತ್ತ ವೈರಿಯ ಬೆರಳು ಒಂದು ಮಿಸುಕಬೇಕು, ಮುಂದಿನ ರಜೆಗೆ ಇನ್ನೊಂದು ಕ್ಯಾಸೆಟ್ಟು ಬರಬೇಕಲ್ಲ.

"ಈಗ ಆಕಿ ಬೀಳ್ತಾಳ ನೋಡ್ರಿ" ಅಂತ ನಾನು ಬೇಳೆಯಿಂದ ತಲೆ ಎತ್ತದೆ ಹೇಳುತ್ತೇನೆ. ಆಕೆ ಬೀಳುತ್ತಾಳೆ.

"ಏ, ನೀ ಇದನ್ನ ಮೊದಲಽ ನೋಡೀ ಏನು?" ಅಂತ ನಮ್ಮ ಮನೆಯವರು ಸಂಶಯಪಡುತ್ತಾರೆ.

"ನೋಡೀನಲ್ರಿ, ನಿನ್ನಿ. ನಿನ್ನಿ ನೀಲಿ ಚಡ್ಡಿ ಹಾಕ್ಕೊಂಡಿದ್ದ, ಇವತ್ತ ಹಸಿರ."

ಈ ಸಲದ ರಜೆಯಲ್ಲಿ ಇದೇ ಮಾತು ಜಗಳಕ್ಕೆ ಬಂತು. ಹಸಿರು ಚಡ್ಡಿಯವನು ಒಂದು ಬಸ್ಸನ್ನು ಎತ್ತಿ ವೈರಿಯ ಮೇಲೆ ಎಸೆದ. ಬಸ್ಸು ಹೋಗಿ ರಸ್ತೆ ಬದಿಯ ಒಂದು ಬಾಳೆಹಣ್ಣಿನ ಗಾಡಿಯ ಮೇಲೆ ಬಿತ್ತು. ಗಾಡಿಯ ಹಿಂದೆ ಒಬ್ಬ ಮುದುಕ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ತಲೆಗೆ ಟೋಪಿ ಇತ್ತು. ನಮ್ಮ ಮನೆಯವರು ಚಪ್ಪಾಳೆ ತಟ್ಟುತ್ತಿದ್ದರು.

"ಆ ಮುದುಕನ ಗತಿ ಏನಾತ್ರಿ?" ಅಂದೆ.

"ಯಾವ ಮುದುಕ?"

"ಬಾಳೆಹಣ್ಣಿನವ."

"ಬಾಳೆಹಣ್ಣಿನವ ಅಂತ! ಊರಽ ಮುಳುಗಾಕತ್ತದ, ಈಕಿಗಿ ಬಾಳೆಹಣ್ಣಿನ ಚಿಂತಿ."

"ಅಲ್ರಿ, ಜರಾ ಹಿಂದಕ ಹಾಕ್ರಿ, ನೋಡೂಣು. ಓಡಿ ಹ್ವಾದ್ನೋ ಇಲ್ಲೋ."

ಅವರು ರಿಮೋಟನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಕನ್ನಡಕ ಏರಿಸಿ ನನ್ನನ್ನು ನೋಡಿದರು. "ನಿಮ್ಮ ಮಂದೀನೇ ಹಿಂಗ. ಶರಣಪ್ಪ ಕಾಕಾನ ರಕ್ತ, ಎಲ್ಲಿ ಹೋಗ್ತದ?"

ಬೈದದ್ದೇ ಅವರು. ನನಗೆ ಮಾತ್ರ ಯಾರೋ ಶಾಲು ಹೊದಿಸಿದಷ್ಟು ಹಿಗ್ಗಾಯಿತು. ಬೇಳೆಯ ಮೊರ ಪಕ್ಕಕ್ಕಿಟ್ಟು ಅಡುಗೆಮನೆಗೆ ಹೋದೆ. ಇನ್ನು ಆ ಸಿನಿಮಾ ನೋಡುವ ಮಾತೇ ಇರಲಿಲ್ಲ. ನಿಮಗೂ ಬಿಡುವಿದ್ದರೆ ಕೂಡ್ರಿ, ಕಾಕಾನ ಕಥೆ ಹೇಳುತ್ತೇನೆ.

ನನ್ನ ತವರು ಅಫಜಲಪುರ ತಾಲೂಕಿನಲ್ಲಿ, ಮಣ್ಣೂರಿನ ಆಚೆ, ಭೀಮಾ ಹೊಳೆಯ ದಂಡೆಯ ಮೇಲಿನ ಒಂದು ಸಣ್ಣ ಊರು. ಶರಣಪ್ಪ ಕಾಕಾ ನಮ್ಮಪ್ಪನ ತಮ್ಮ. ಆಳು ಬಾಗಿಲಿಗೆ ಬಾಗಿ ಬರುವಷ್ಟು ಎತ್ತರ, ಮೀಸೆಗೆ ಬೆಣ್ಣೆ ಹಚ್ಚುತ್ತಿದ್ದ. ಊರಲ್ಲಿ ಅವನನ್ನು ಬರಿ ಶರಣಪ್ಪ ಅಂದವರಿಲ್ಲ, ಗದಾ ಶರಣಪ್ಪ ಅಂತಲೇ ಹೆಸರು. ಸುಗ್ಗಿ ಮುಗಿದು ಜೋಳ ಮನೆ ಸೇರಿದ ಮೇಲೆ ನಮ್ಮೂರಲ್ಲಿ ದೊಡ್ಡಾಟ ಆಡುತ್ತಿದ್ದರು. ಅದರಲ್ಲಿ ಗದೆ ಹಿಡಿಯುವ ವೀರನ ಪಾತ್ರ ಕಾಕಾನದು. ಕಿರೀಟ, ಭುಜಕೀರ್ತಿ, ಎದೆಯ ತುಂಬ ಗಾಜಿನ ಹಾರ ಕಟ್ಟಿಕೊಂಡು ಕಾಕಾ ಆಟಕ್ಕೆ ಹಾಕಿದ ಅಟ್ಟದ ಮೇಲೆ ಒಂದು ಸಲ ಕಾಲು ಅಪ್ಪಳಿಸಿದರೆ ಹಲಗೆಗಳ ಸಂದಿಯಿಂದ ಧೂಳು ಏಳುತ್ತಿತ್ತು, ಮುಂದೆ ಕೂತ ಕೂಸುಗಳು ಅಳುತ್ತಿದ್ದವು.

ಆ ಗದೆಯನ್ನು ನಾನು ಮನೆಯಲ್ಲಿ ಎತ್ತಿ ನೋಡಿದ್ದೇನೆ. ಹಗುರ ಕಟ್ಟಿಗೆ, ಮೇಲೆ ಹೊಳೆಯುವ ಬೇಗಡೆ ಕಾಗದ ಅಂಟಿಸಿದ್ದು. ಮುದ್ದೆ ತಿರುವುವ ಕೋಲಿಗೇ ಅದಕ್ಕಿಂತ ಭಾರವಿದ್ದೀತು. ಆದರೆ ಆಟದ ದಿನ ಕಾಕಾ ಅದನ್ನು ನೆಲದಿಂದ ಎತ್ತುವಾಗ ಕತ್ತಿನ ನರ ಉಬ್ಬುತ್ತಿತ್ತು, ಮೊಣಕಾಲು ಸ್ವಲ್ಪ ಬಾಗುತ್ತಿತ್ತು, ಮುಂದೆ ಕೂತ ಗಂಡಸರೆಲ್ಲ ಅವನ ಜೊತೆ ಉಸಿರು ಬಿಗಿ ಹಿಡಿಯುತ್ತಿದ್ದರು. ಕಟ್ಟಿಗೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹೆಗಲಿಗೇರಿದ ಮೇಲೆ "ಹಾಹಾ" ಅಂತ ಉಸಿರು ಬಿಡುತ್ತಿದ್ದರು. ಈಗಿನ ಚಡ್ಡಿಯವರು ರೈಲನ್ನೇ ಉದ್ದಿನ ಹಪ್ಪಳದ ಹಾಗೆ ಎತ್ತುತ್ತಾರೆ, ನನ್ನ ಉಸಿರಿಗೆ ಏನೂ ಆಗುವುದಿಲ್ಲ.

ಕಥೆ ನಿಮಗೂ ಗೊತ್ತಿದ್ದದ್ದೇ. ಒಂದು ಊರು, ಊರ ಹೊರಗೆ ಒಬ್ಬ ರಾಕ್ಷಸ. ದಿನಕ್ಕೊಂದು ಬಂಡಿ ಅನ್ನ, ಬಂಡಿಯ ಎರಡು ಎತ್ತು, ಬಂಡಿ ಹೊಡೆದ ಮನುಷ್ಯ, ಎಲ್ಲ ಅವನ ಊಟಕ್ಕೆ. ಒಬ್ಬ ಬಡ ತಾಯಿಯ ಮಗನ ಪಾಳಿ ಬಂದಾಗ ನಮ್ಮ ವೀರ, "ನಾ ಹೋಗ್ತೇನಿ ತಾಯಿ" ಅಂತ ಬಂಡಿ ಏರುತ್ತಾನೆ. ಆಟ ಸಂಜೆ ಹತ್ತಿದರೆ ಈ ಸಂದರ್ಭ ಬರುವಷ್ಟರಲ್ಲಿ ಪೂರ್ವದಲ್ಲಿ ಬೆಳಕು ಹರಿಯುತ್ತಿತ್ತು. ಆಗ ನಮ್ಮೂರಲ್ಲಿ ಒಂದು ರೂಢಿ. ಖರೇ ಬಂಡಿ, ಖರೇ ಎತ್ತು, ಮಂದಿಯ ನಡುವೆ ದಾರಿ ಬಿಡಿಸಿಕೊಂಡು ಅಟ್ಟದ ಬುಡಕ್ಕೇ ಬರಬೇಕು. ಯಾರ ಎತ್ತು ಆ ಬಂಡಿಗೆ ಹೂಡುತ್ತಾರೋ ಆ ಮನೆಗೆ ವರ್ಷವಿಡೀ ಮಾನ. ಎಷ್ಟೋ ವರ್ಷದಿಂದ ನಮ್ಮ ಮನೆಯ ಸರ್ಜಾ-ರಾಜಾ ಜೋಡಿಯೇ ಹೋಗುತ್ತಿತ್ತು. ಎರಡೂ ಕಾಕಾನ ಕೈಯಲ್ಲಿ ಹಾಲು ಕುಡಿದು ಬೆಳೆದವು. ಕೋಡಿಗೆ ಬಣ್ಣ, ಕೊರಳಿಗೆ ಗಂಟೆ. ಕಾಕಾ ಬಂಡಿಯ ಮೇಲೆ ನಿಂತು ಬರುವಾಗ ಅವನ ಹೆಂಡತಿ, ನಮ್ಮ ಕಾಕು, ಹೆಂಗಸರ ಗುಂಪಿನಲ್ಲಿ ಸೆರಗು ಸರಿ ಮಾಡಿಕೊಂಡು ಅತ್ತ ಇತ್ತ ನೋಡುತ್ತಿದ್ದಳು. ಬಂಡಿ ಬಂದು ನಿಂತಿತೆಂದರೆ ವೀರ ಅಟ್ಟ ಹತ್ತಿ, ರಾಕ್ಷಸನಿಗೆ ಬೆನ್ನು ಹಾಕಿ ಕೂತು, ಬಂಡಿಯ ಅನ್ನವನ್ನೆಲ್ಲ ತಾನೇ ಉಣ್ಣಬೇಕು. ಕಾಕಾ ಸುಳ್ಳು ಸುಳ್ಳೇ ಉಣ್ಣುವವನಲ್ಲ. ಬುಟ್ಟಿ ಹುಗ್ಗಿ ಖಾಲಿ ಮಾಡಿ, ಬೆರಳು ನೆಕ್ಕಿ, ತೇಗಿ, ಆಮೇಲೆ ಯುದ್ಧಕ್ಕೆ ಏಳುತ್ತಿದ್ದ.

ಅಂಥ ಕಾಕಾ ಒಂದು ಶ್ರಾವಣದಲ್ಲಿ ಗದೆಯನ್ನು ಗೂಟಕ್ಕೆ ಹಾಕಿಬಿಟ್ಟ.

ನಮ್ಮ ಹೊಳೆಯ ಗುಣ ಬೇರೆ ಕಡೆಯವರಿಗೆ ತಿಳಿಯುವುದಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾದರೆ, ಇಲ್ಲಿ ನಮ್ಮ ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗಲೇ ಭೀಮೆ ಉಬ್ಬುತ್ತಾಳೆ. ಮೋಡವಿಲ್ಲ, ಹನಿಯಿಲ್ಲ, ನೀರು ಬಂದು ನಿಂತಿರುತ್ತದೆ. ಕಾಕಾ ಆಚೆ ದಂಡೆಯಿಂದ ಬಂಡಿ ತುಂಬ ಕಣಕಿ ಮೇವು ಹೇರಿಕೊಂಡು ಮೊಣಕಾಲುದ್ದ ನೀರಲ್ಲಿ ಬರುತ್ತಿದ್ದ. ನಡುಹೊಳೆಗೆ ಬರುವಷ್ಟರಲ್ಲಿ ನೀರು ಎದೆಗೆ ಬಂತು. ನೊಗಕ್ಕೆ ಎತ್ತಿನ ಕೊರಳನ್ನು ಕಟ್ಟುವ ಪಟ್ಟಿಗೆ ಜತ್ತಿಗೆ ಅನ್ನುತ್ತಾರೆ. ಕಾಕಾ ಜಿಗಿದು ಸರ್ಜಾನ ಜತ್ತಿಗೆ ಬಿಚ್ಚಿದ. ರಾಜಾನ ಜತ್ತಿಗೆಯ ಗಂಟು ನೆನೆದು ಬಿಗಿದಿತ್ತು. ಉಗುರು ಹಾಕಿದ, ಹಲ್ಲು ಹಾಕಿ ಕಚ್ಚಿದ. ಅಷ್ಟರಲ್ಲಿ ಬಂಡಿ ಮಗುಚಿ, ರಾಜಾನನ್ನೂ ಎಳೆದುಕೊಂಡು ಹೋಯಿತು. ಕಾಕಾ ಸರ್ಜಾನ ಬಾಲ ಹಿಡಿದು ದಂಡೆಗೆ ಬಂದ. ಬಾಯಿಂದ ರಕ್ತ ಬರುತ್ತಿತ್ತು. ಅಂಗಳದಲ್ಲಿ ನಿಂತಿದ್ದ ಆಯಿ, ಅಂದರೆ ನಮ್ಮ ಅಜ್ಜಿ, ಬಂದ ಎತ್ತನ್ನು ನೋಡಿದಳು, ಬಾರದ ಎತ್ತಿನ ಗೂಟವನ್ನು ನೋಡಿದಳು, ನೀರು ಕಾಯಿಸಲು ಒಳಗೆ ಹೋದಳು.

ಸುಗ್ಗಿ ಬಂತು. ಆಟ ಕಲಿಸುವ ಮಾಸ್ತರರು ಹಾರ್ಮೋನಿಯಂ ಸಮೇತ ಮನೆಗೆ ಬಂದರು. ವಯಸ್ಸಾದವರು, ಜಿಡಗಾ ಮಠದ ಪುರಾಣಕ್ಕೆ ಹೋಗಿ ಬರುವಾಗ ದಾರಿಯಲ್ಲಿ ನಮ್ಮೂರಿನ ನಂಟು ಹತ್ತಿಸಿಕೊಂಡವರು.

"ಯಾವಾಗ ಹತ್ತೂಣು ಶರಣಪ್ಪಾ, ತಾಲೀಮಿಗಿ?" ಅಂದರು.

"ನಾ ಒಲ್ಲೆ ಮಾಸ್ತರ" ಅಂದ ಕಾಕಾ.

"ಯಾಕಪಾ?"

"ನಾ ಎಂಥಾ ವೀರರೀ? ಒಂದ್ ಗಂಟ ಬಿಚ್ಚಾಕ ಆಗಲಿಲ್ಲ ನನ್ನ ಕೈಲೆ. ಮಂದೀ ಮುಂದ ಕಟಗೀ ಗದಾ ಹಿಡದ ಕುಣೀಲೇನು? ಹೊಳ್ಯಾಗಿನ ಮೀನಾ ನಗ್ತಾವ."

ಮಾಸ್ತರರು ಬುದ್ಧಿ ಹೇಳಿದರು, ನಮ್ಮಪ್ಪ ಬೈದ, ಕಾಕು ಗಾಣಗಾಪುರಕ್ಕೆ ಹರಕೆ ಹೊತ್ತಳು. ಕಾಕಾ ಕದಲಲಿಲ್ಲ. ಗದೆ ಇಲ್ಲದೆ ಆಟ ಹೇಗಾಗುತ್ತದೆ? ಆ ಸುಗ್ಗಿಗೂ ಆಗಲಿಲ್ಲ, ಮುಂದಿನ ಸುಗ್ಗಿಗೂ ಆಗಲಿಲ್ಲ. ಗೂಟದ ಮೇಲಿನ ಗದೆಯ ಬೇಗಡೆಯಲ್ಲಿ ಗುಬ್ಬಿಗಳು ತಮ್ಮ ಮುಖ ನೋಡಿಕೊಂಡು ಕುಕ್ಕುತ್ತಿದ್ದವು. ಕಾಕಾ ಉಣ್ಣುತ್ತಿದ್ದ, ಹೊಲಕ್ಕೆ ಹೋಗುತ್ತಿದ್ದ, ಸರ್ಜಾನಿಗೆ ಜೋಡಿಯಾಗಿ ಒಂದು ಹೋರಿ ತಂದು ಕಟ್ಟಿದ. ಆದರೆ ಮೀಸೆಗೆ ಬೆಣ್ಣೆ ಹಚ್ಚುವುದು ಬಿಟ್ಟಿದ್ದ. ನನ್ನ ಪಾಲಿಗೆ ಲೋಕದಲ್ಲಿ ಇದ್ದದ್ದು ಒಬ್ಬನೇ ವೀರ, ಅವನೂ ಹೀಗೆ ದನದ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಇಂಥ ಹೊತ್ತಿನಲ್ಲಿ ಜೇವರ್ಗಿಯ ಕಡೆಯಿಂದ ಡೇರೆ ಸಿನಿಮಾ ಬಂತು. ಮಾಲೀಕ ಖಾಜಾಮಿಯಾ ಅನ್ನುವವರು, ತಲೆಗೆ ಟೋಪಿ, ಬಾಯಲ್ಲಿ ಸದಾ ಎಲೆ. ಬಂಡಿಯ ಮೇಲೆ ಲೌಡ್‌ಸ್ಪೀಕರ್ ಕಟ್ಟಿಕೊಂಡು ತಾವೇ ಕೂಗಿಕೊಂಡು ಬಂದರು: "ಬರ್ರಿ ಬರ್ರಿ! ಗಾಳ್ಯಾಗ ಹಾರ್ತಾನ, ಗುಡ್ಡಾ ಎತ್ತಾನ! ಇಂಥಾ ಬಹಾದ್ದೂರಗ ನಿಮ್ಮ ಮುತ್ಯಾನೂ ನೋಡಿಲ್ಲ, ಮುತ್ಯಾನ ಮುತ್ಯಾನೂ ನೋಡಿಲ್ಲ!"

ಊರು ಎದ್ದು ಹೋಯಿತು. ಮಾತು ಹಿಂದಿ, ಯಾರಿಗೂ ತಿಳಿಯಲಿಲ್ಲ, ಯಾರಿಗೂ ಬೇಕಾಗಲೂ ಇಲ್ಲ. ಹಾರುವವನು ಬೆನ್ನಿಗೆ ಒಂದು ಕೆಂಪು ಬಟ್ಟೆ ಕಟ್ಟಿಕೊಂಡಿದ್ದ, ಅದಕ್ಕೆ ನಮ್ಮವರು ಅವನಿಗೆ ದುಪ್ಪಟಿ ವೀರ ಅಂತ ಹೆಸರಿಟ್ಟರು. ಡೇರೆಯಲ್ಲಿ ಜಾಗ ಸಾಲದೆ ಅರ್ಧ ಮಂದಿ ಪರದೆಯ ಹಿಂದೆ ಕೂತು ನೋಡಿದರು. ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ದುಪ್ಪಟಿ ವೀರ ಎಡಚನೋ ಬಲಚನೋ ಅಂತ ಮರುದಿನ ಬಾವಿಯ ಕಟ್ಟೆಯಲ್ಲಿ ಕೈ ಕೈ ಮಿಲಾಯಿಸುವಷ್ಟು ವಾದ. ನಾನಂತೂ ಬಾಯಿ ಮುಚ್ಚಿರಲಿಲ್ಲ. ಅವನು ಹಾರುವಾಗ ಬೆನ್ನಿನ ಹಗ್ಗ ಕಾಣುತ್ತಿತ್ತಂತೆ, ಗುಡ್ಡ ಅಂದರೆ ರಟ್ಟಿನದಂತೆ. ಇದೆಲ್ಲ ದೊಡ್ಡವಳಾದ ಮೇಲೆ ಗೊತ್ತಾಯಿತು. ಆಗ ನನಗೆ ಕಂಡದ್ದು ಆಕಾಶ, ಆಕಾಶದಲ್ಲಿ ಒಬ್ಬ ಮನುಷ್ಯ. ಮನೆಗೆ ಬರುವಾಗ ಕಾಲು ನೆಲ ಮುಟ್ಟುತ್ತಿರಲಿಲ್ಲ.

"ಕಾಕಾ, ಒಂದ್ ಸಲ ಬಾ. ನೀ ನೋಡಬೇಕು" ಅಂತ ಗಂಟು ಬಿದ್ದೆ. ಕಾಕುವೂ, "ಹೋಗಿ ಬರ್ರಿ, ಮನಸಿಗಿ ಹಗೂರಾಗ್ತದ" ಅಂದಳು. ಮರುದಿನ ಸಂಜೆ ಕಾಕಾ ತಲೆಗೆ ಪಟಕಾ ಸುತ್ತಿಕೊಂಡು ನನ್ನ ಕೈ ಹಿಡಿದು ಹೊರಟ. ಗದಾ ಶರಣಪ್ಪ ಡೇರೆಗೆ ಬಂದನೆಂದು ಮಂದಿ ಸರಿದು ನಡುವೆ ಜಾಗ ಮಾಡಿಕೊಟ್ಟರು.

ದುಪ್ಪಟಿ ವೀರ ಹಾರಿದ. ಕಾಕಾನ ಮೀಸೆ ಅಲುಗಿತು. ಅವನು ಒಂದು ಬಂಡೆಯನ್ನು ಎತ್ತಿ ಎಸೆದ. "ಭಲೇ" ಅಂದ ಕಾಕಾ, ಮೆಲ್ಲಗೆ, ತನಗೇ ಅನ್ನುವ ಹಾಗೆ. ನನಗೆ ಎಷ್ಟು ಖುಷಿಯಾಯಿತೆಂದರೆ ಅವನ ತೋಳನ್ನು ಅಪ್ಪಿಕೊಂಡೇ ಕೂತೆ. ಆಮೇಲೆ ಹೊಳೆ ಬಂತು. ಮದುಮಗಳು ಕೂತ ಒಂದು ಬಂಡಿ ಹೊಳೆ ದಾಟುತ್ತಿತ್ತು, ನೀರು ಏರಿತು, ಬಂಡಿ ತೇಲತೊಡಗಿತು. ಹಿಂದಿನ ದಿನ ನೋಡಿದ್ದ ನನಗೆ ಇದು ನೆನಪೇ ಇರಲಿಲ್ಲ, ನಾನು ಹಾರುವುದನ್ನಷ್ಟೇ ನೋಡಿದ್ದೆ. ಕಾಕಾನ ತೋಳು ಕಟ್ಟಿಗೆಯಾಯಿತು. ದುಪ್ಪಟಿ ವೀರ ಮೇಲಿಂದ ಬಂದ, ಮದುಮಗಳ ಸೊಂಟಕ್ಕೆ ಕೈ ಹಾಕಿ ಎತ್ತಿದ, ಮೋಡದ ನಡುವೆ ಹೋದ, ಹಾಡು ಹತ್ತಿತು.

ಕಾಕಾ ಎದ್ದು ನಿಂತ. ಹಿಂದಿನಿಂದ ಬರುತ್ತಿದ್ದ ಬೆಳಕು ಅವನ ಮೇಲೆ ಬಿದ್ದು, ಪಟಕಾ ಕಟ್ಟಿದ ತಲೆಯ ನೆರಳು ಪರದೆಯ ತುಂಬ ಆಯಿತು. ಮದುಮಗಳೂ ಕಾಣಲಿಲ್ಲ, ವೀರನೂ ಕಾಣಲಿಲ್ಲ.

"ಏ, ನಿಂದರಸ್ರಿ!" ಅಂದ. ದೊಡ್ಡಾಟದ ದನಿ ಅದು, ಡೇರೆಯ ಬಟ್ಟೆ ನಡುಗಿತು. "ಎತ್ತ ಬಿಟ್ಟು ಹ್ವಾದ್ನಲ್ಲೋ ಮಗ! ಎತ್ತಿನ ಗತಿ ಏನಾತು?"

"ಕೂಡೋ ಶರಣಪ್ಪಾ, ಹಾಡ ಕೇಳಗೊಡು" ಅಂತ ಯಾರೋ ಹುಡುಗರು ಕೂಗಿದರು. ಆದರೆ ಅವರ ಹಿಂದೆಯೇ ಒಬ್ಬ ಮುದುಕನ ದನಿ ಬಂತು: "ಹೌದಲ್ಲಲೇ, ಖರೇ ಅದ. ಎತ್ತು ನೊಗದಾಗಽ ಅವ." ಹೆಂಗಸರ ಕಡೆಯಿಂದ, "ಅಯ್ಯ ಶಿವನ, ಎರಡೂ ಹೋದುವೇನಽ ಯವ್ವಾ" ಅಂತ ಕೇಳಿಸಿತು. ಇಡೀ ಡೇರೆ ಎದ್ದಿತು. ಎತ್ತು ತೋರಿಸದೆ ಮುಂದೆ ಬಿಡುವುದಿಲ್ಲ. ಪರದೆಯ ಹಿಂದೆ ಕೂತವರೂ ಸುತ್ತು ಹಾಕಿಕೊಂಡು ಬಂದು ಇವರ ಪಕ್ಷ ಸೇರಿದರು. ಒಬ್ಬರಿಗೂ ಮದುಮಗಳ ಚಿಂತೆ ಇರಲಿಲ್ಲ. ಆಕೆ ಹೇಗೂ ಪಾರಾಗಿದ್ದಳಲ್ಲ.

ಯಂತ್ರ ನಿಂತಿತು. ಖಾಜಾಮಿಯಾ ಎಲೆ ಉಗುಳಿ ಓಡಿ ಬಂದರು. "ಅರೆ ಗೌಡ್ರ, ಸಿನಿಮಾದ ಎತ್ತು ಅವು! ಬೊಂಬಾಯಿದಾಗ ಆರಾಮ ಮೇವು ತಿನ್ನಾಕತ್ತಾವ. ಖಾಲಿ ಪೀಲಿ ಯಾಕ ಪರೇಶಾನ್ ಆಗ್ತೀರಿ?"

"ಜತ್ತಗಿ ಯಾರ ಬಿಚ್ಚಿದ್ರು?" ಅಂದ ಕಾಕಾ.

"ಕ್ಯಾ?"

"ಜತ್ತಗಿ ಬಿಚ್ಚಲಾರದ ಎತ್ತು ಹ್ಯಾಂಗ ಪಾರಾಗ್ತಾವ? ಯಾರ ಬಿಚ್ಚಿದ್ರು ಹೇಳ್ರಿ. ನೀವು ಹೇಳಿದ್ರ ಕೂಡ್ತೇನಿ."

ಊರಿನ ಎಲ್ಲರಿಗೂ ಗೊತ್ತಿತ್ತು, ಕಾಕಾ ಕೇಳುತ್ತಿರುವುದು ಯಾವ ಎತ್ತಿನ ಮಾತು ಅಂತ. ಖಾಜಾಮಿಯಾಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದವರು ಯಾರೋ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಒಂದು ಗಳಿಗೆ ಕಾಕಾನನ್ನು ನೋಡಿ, ಯಂತ್ರದವನ ಕಡೆ ತಿರುಗಿ, "ರೀಲ ಹಿಂದಕ ಸುತ್ತಲೇ" ಅಂದರು.

ಎರಡನೆಯ ಸಲ ನಾವೆಲ್ಲ ನೋಡಿದ್ದು ಎತ್ತುಗಳನ್ನು. ಅಷ್ಟು ಮಂದಿ, ಅಷ್ಟು ಕಣ್ಣು, ಪರದೆಯ ಒಂದು ಮೂಲೆಯ ಮೇಲೆ. ಬಂಡಿ ತೇಲಿತು. ಮದುಮಗಳು ಮೇಲೆ ಹೋದಳು. ಕೆಳಗೆ ಎರಡು ಬಿಳಿ ತಲೆಗಳು ನೀರಿನ ಮೇಲೆ ಮೂಗು ಎತ್ತಿಕೊಂಡು, ಒಂದು ಇನ್ನೊಂದರ ಕಡೆ ಸರಿಯುತ್ತ, ಪರದೆಯ ಅಂಚಿಗೆ ಹೋದವು. ಅಂಚಿನ ಆಚೆ ಬರೀ ಕತ್ತಲೆ. ಯಾರೋ ಮೂಗು ಏರಿಸಿದರು.

ಖಾಜಾಮಿಯಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಸುಳ್ಳ ಹೇಳಂಗಿಲ್ರಿ ಶರಣಪ್ಪನವ್ರ. ಈ ರೀಲ ನಾ ಊರೂರಿಗಿ ತೋರಿಸೇನಿ. ಒಂದ ದಿವಸಾನೂ ಆ ಎತ್ತಿನ ಕಡಿ ನೋಡಿಲ್ಲ. ಅವು ಏನಾದವೋ ನನಗ ಗೊತ್ತಿಲ್ರಿ."

ಕಾಕಾ ತಲೆ ಆಡಿಸಿದ. ನನ್ನ ಕೈ ಹಿಡಿದು ಹೊರಗೆ ಬಂದ. ನಮ್ಮ ಹಿಂದೆ ಒಬ್ಬೊಬ್ಬರಾಗಿ ರೈತರು ಎದ್ದು ಬಂದರು. ನನಗೆ ಮುಂದಿನ ಹಾರಾಟ ತಪ್ಪಿತೆಂದು ಅಳು ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅಳುತ್ತಾ ಇನ್ನೊಂದು ಕಡೆ ಕಾಕಾನನ್ನು ನೋಡಿದರೆ ಮೈ ಜುಂ ಅನ್ನುತ್ತಿತ್ತು. ಗುಡ್ಡ ಎತ್ತುವವನನ್ನು ಒಂದು ಮಾತಿಗೆ ನಿಲ್ಲಿಸಿ ಬಂದಿದ್ದ ಇವನು.

ಮನೆಯಲ್ಲಿ ಕಾಕಾ ಉಣ್ಣಲು ಕೂತವನು ಸಿಟ್ಟಿನಿಂದ ಭುಸುಗುಟ್ಟುತ್ತಿದ್ದ. "ಅಂಥವಗ ವೀರ ಅಂತಾರೇನ ಯವ್ವಾ? ಹೆಣ್ಣ ಎತ್ತಕೊಂಡು ಹಾಡ ಹಾಡತಾನ. ಮೂಕ ಜೀವಾ ನೊಗದಾಗ ಕಟ್ಟೇ ಬಿಟ್ಟಾನ. ಇವನ ಹಾರಾಟಕ್ಕ ಬೆಂಕಿ ಹಚ್ಚಲಿ."

ಆಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಿಸಲಿಲ್ಲ. "ಮತ್ತ ನೀ ಏನ್ ಮಾಡ್ತಿದ್ದೆಪಾ?" ಅಂದಳು.

"ನಾ? ನಾ ಏನು?"

"ನಿನ್ನ ಆಟದಾಗ. ಎತ್ತ ತಂದು ರಾಕ್ಷಸನ ಬಾಯಿ ಮುಂದ ನಿಲ್ಲಸ್ತಿದ್ದಿ. ಕೊಳ್ಳಾಗ ನೊಗಾ ಹಂಗೇ. ನೀ ಮ್ಯಾಲ ಕುಂತು ಹುಗ್ಗಿ ಉಣ್ತಿದ್ದಿ. ಇಷ್ಟ ವರ್ಸ ನಾನೂ ಮುಂದ ಕುಂತು ನೋಡೇನಲ್ಲ. ಒಂದ್ ದಿನಾರೆ ಜತ್ತಗಿ ಬಿಚ್ಚಿದ್ದಿ?"

ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಕಾಕಾ ಕೈಯಲ್ಲಿದ್ದ ತುತ್ತು ಗಂಗಾಳದಲ್ಲೇ ಇಟ್ಟ. ನಮ್ಮಪ್ಪ ಏನೋ ಹೇಳಲು ಹೋದರೆ ಕಾಕು ಕಣ್ಣು ಮಾಡಿ ಸುಮ್ಮನಿರಿಸಿದಳು. ಆಯಿಯ ಮೇಲೆ ನನಗೆ ಅಸಾಧ್ಯ ಸಿಟ್ಟು ಬಂತು. ಬಿದ್ದವನನ್ನು ಹೀಗೆ ತುಳಿಯುವುದೇ? ಈಗ ನನಗೂ ಆಯಿಯ ವಯಸ್ಸು ಹತ್ತಿರ ಬರುತ್ತಿದೆ, ಆಕೆ ತುಳಿಯುತ್ತಿರಲಿಲ್ಲ ಅಂತ ತಿಳಿಯುತ್ತದೆ. ಮರುದಿನ ಬೆಳಗ್ಗೆ ನೋಡಿದರೆ ಕಾಕಾ ಗೂಟದಿಂದ ಗದೆ ಇಳಿಸಿ, ಅಂಗಳದಲ್ಲಿ ಕೂತು, ಗುಬ್ಬಿ ಕುಕ್ಕಿದಲ್ಲೆಲ್ಲ ಹೊಸ ಬೇಗಡೆ ಹಚ್ಚುತ್ತಿದ್ದ.

ಮಾಸ್ತರರಿಗೆ ಹೇಳಿ ಕಳಿಸಿದ. ತಾಲೀಮು ಹತ್ತಿತು. ಹಳೆಯ ಪದ, ಹಳೆಯ ಕುಣಿತ, ಏನೂ ಬದಲಾಗಲಿಲ್ಲ. "ಮೊದಲಿಗಿಂತ ಛಲೋ ಕುಣ್ಯಾಕತ್ತಾನ" ಅಂತ ಮಾಸ್ತರರು ಅಪ್ಪನ ಹತ್ತಿರ ಹೇಳಿದರು. ಆದರೂ ಊರಿಗೆ ಒಂದು ಅನುಮಾನ ಇದ್ದೇ ಇತ್ತು. ಬಂಡಿ ಏರುವ ಹೊತ್ತಿಗೆ ಇವನು ಏರುತ್ತಾನೋ, ಕಿರೀಟ ಬಿಚ್ಚಿಟ್ಟು ಮನೆಗೆ ಹೋಗುತ್ತಾನೋ? ಆಟದ ದಿನ ನಾನು ಕಾಕುವಿನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಆಕೆ ಚಿವುಟಿ ಎಬ್ಬಿಸಿದಾಗ ಪೂರ್ವ ಕೆಂಪಾಗಿತ್ತು, ಗ್ಯಾಸ್‌ಬತ್ತಿಗಳು ಪೇಲವವಾಗಿದ್ದವು. ಅಟ್ಟದ ಮೇಲೆ ರಾಕ್ಷಸನ ಪಾತ್ರದ ಈರಣ್ಣ ಹಸಿವೆ ಹಸಿವೆ ಅಂತ ಒದರುತ್ತಿದ್ದ. ಸಣಕಲ ಮನುಷ್ಯ, ದನಿ ಮಾತ್ರ ಆನೆಯದು.

ಗಂಟೆಯ ಸದ್ದು ಕೇಳಿಸಿತು. ಬಂಡಿ ಬಂತು. ಸರ್ಜಾ ಮತ್ತು ಹೊಸ ಹೋರಿ, ಕೋಡಿಗೆ ಬಣ್ಣ. ಬಂಡಿಯ ಮೇಲೆ ಕಾಕಾ ನಿಂತಿದ್ದ, ಕಿರೀಟದ ಗಾಜಿಗೆ ಮೊದಲ ಬಿಸಿಲು ತಾಗಿತ್ತು. ಎಂದಿನಂತೆ ಅಟ್ಟದ ಬುಡಕ್ಕೆ ಬಂಡಿ ನಿಂತಿತು. ಎಂದಿನಂತೆ ಮಾಸ್ತರರು ವೀರ ಅಟ್ಟ ಹತ್ತುವ ಪದ ಎತ್ತಿದರು. ಕಾಕಾ ಅಟ್ಟ ಹತ್ತಲಿಲ್ಲ. ಗದೆಯನ್ನು ಬಂಡಿಯಲ್ಲೇ ಇಟ್ಟು ಕೆಳಗಿಳಿದ. ಭುಜಕೀರ್ತಿ, ಎದೆಹಾರ, ಕಿರೀಟ ಎಲ್ಲ ಹೊತ್ತುಕೊಂಡು ಎತ್ತುಗಳ ಮುಂದೆ ಬಂದು ಬಗ್ಗಿದ. ಮೊದಲು ಹೋರಿಯ ಜತ್ತಿಗೆ ಬಿಚ್ಚಿದ. ಆಮೇಲೆ ಸರ್ಜಾನದು. ಅವಸರವಿರಲಿಲ್ಲ. ಗಂಟು ಸಡಿಲಿಸಿ, ನೊಗವನ್ನು ಮೆಲ್ಲಗೆ ಇಳಿಸಿ, ಇಬ್ಬರ ಕೊರಳ ಕೆಳಗೂ ಕೈಯಾಡಿಸಿದ.

ಇದಕ್ಕೆ ಮಾಸ್ತರರ ಬಳಿ ಪದವಿರಲಿಲ್ಲ. ಹಾರ್ಮೋನಿಯಂ ನಿಂತುಹೋಯಿತು, ಮದ್ದಳೆಯವನ ಕೈ ಮೇಲೇ ಉಳಿಯಿತು. ನಮ್ಮ ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

"ನಡೀರಿ" ಅಂದ ಕಾಕಾ, ಎತ್ತುಗಳ ಬೆನ್ನು ತಟ್ಟಿ. "ಮನಿಗಿ ನಡೀರಿ."

ಎತ್ತುಗಳು ತಿರುಗಿದವು. ಅಟ್ಟ ನೆಲದಿಂದ ಒಂದು ಮೊಳ ಎತ್ತರ ಅಷ್ಟೆ, ಸರ್ಜಾ ದಾರಿ ತಪ್ಪದೆ ಅಟ್ಟದ ಅಂಚನ್ನು ಸವರಿಕೊಂಡೇ ಹೊರಟ. ಅಲ್ಲೇ ರಾಕ್ಷಸ ಕೋರೆ ಕಟ್ಟಿಕೊಂಡು, ಕತ್ತಿ ಹಿಡಿದು ಕಾಲು ಇಳಿಬಿಟ್ಟು ಕೂತಿದ್ದ. ಕಥೆಯ ಪ್ರಕಾರ ಅವನು ಈ ಎತ್ತುಗಳನ್ನು ತಿನ್ನಬೇಕಾದವನು. ಈರಣ್ಣ ಗಡಬಡಿಸಿ ಕಾಲು ಮೇಲೆ ಎಳೆದುಕೊಂಡು ಎತ್ತಿಗೆ ದಾರಿ ಬಿಟ್ಟ, ಹೋಗುವ ಹೋರಿಯ ಬೆನ್ನನ್ನು ಒಂದು ಸಲ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡ. ಮಂದಿ ಕೂತಲ್ಲೇ ಸರಿದು ಸಂದಿ ಮಾಡಿಕೊಟ್ಟರು. ಮಕ್ಕಳನ್ನು ಎದೆಗೆ ಎಳೆದುಕೊಂಡರು. ಎರಡೂ ಎತ್ತು ನಮ್ಮ ಓಣಿಯ ಕಡೆ ಹೋದವು. ನಾನು ಅಂದು ನೋಡಿದ್ದಕ್ಕಿಂತ ದೊಡ್ಡದನ್ನು ಯಾವ ಪರದೆಯ ಮೇಲೂ ಇನ್ನೂ ನೋಡಿಲ್ಲ.

ಕಾಕಾ ಬೆನ್ನು ತಿರುಗಿಸಿ ಓಣಿಯ ಕಡೆಗೇ ಕಿವಿ ಇಟ್ಟು ನಿಂತಿದ್ದ. ಮುಖದ ಬಣ್ಣ ಕಣ್ಣಿನ ಕೆಳಗೆ ಗೆರೆಯಾಗಿ ಇಳಿದಿತ್ತು, ಅವನು ಒರೆಸಿಕೊಳ್ಳಲಿಲ್ಲ. ಗಂಟೆಯ ಸದ್ದು ಸಣ್ಣದಾಗುತ್ತ ಹೋಯಿತು, ನಮ್ಮ ಮನೆಯ ಅಂಗಳದ ತಿರುವಿನಲ್ಲಿ ನಿಂತಿತು. ಆಗ ಕಾಕಾ ಬಂಡಿಯಿಂದ ಗದೆ ತೆಗೆದ. ಕತ್ತಿನ ನರ ಉಬ್ಬಿತು, ಮೊಣಕಾಲು ಬಾಗಿತು, ನಾವೆಲ್ಲ ಉಸಿರು ಬಿಗಿ ಹಿಡಿದೆವು. ಗದೆ ಹೆಗಲಿಗೇರಿದ ಮೇಲೆ ರಾಕ್ಷಸನ ಕಡೆ ತಿರುಗಿ ಅಂದ:

"ಹಾಂ, ಈಗ ಬಾರಲೇ."